ಕರೆವ್ವನ ಕೊರಳಿಗೆ ಕಟ್ಟಿದ ಲಿಂಬೆಕಾಯಿ

ಚೆಂಡುಹೂವಿನ ಮಾಲೆಯನ್ನು ಲಗಮವ್ವ ಬೆರಳಿನಿಂದ ಒಂದಿಷ್ಟು ಮೇಲಕ್ಕೆತ್ತಿದಳು. ಅದರ ಹಿಂದೆ ಕಾರಿನ ಮುಂಭಾಗದ ಕಂಬಿಗೆ ಕಟ್ಟಿದ್ದ ಲಿಂಬೆಕಾಯಿ ಕಂಡಿತು.

"ಯವ್ವಾ ಸುಜೀ, ಇದು..."

ಮುಂದಿನ ಮಾತು ಹೊರಬೀಳುವ ಮೊದಲೇ ಸುಜಾತಾ ತಾಯಿಯ ರಟ್ಟೆಯನ್ನು ಬಲವಾಗಿ ಚಿವುಟಿದಳು. ಹೆತ್ತವ್ವನನ್ನು ನಾಲ್ಕು ಜನರೆದುರು ಚಿವುಟುವುದು ಒಳ್ಳೆಯ ಮಗಳ ಲಕ್ಷಣವೇನಲ್ಲ. ಆದರೆ ಲಗಮವ್ವ ಬಾಯಿ ತೆರೆದಳೆಂದರೆ ಅಗಸಿ ಬಾಗಿಲಿನ ಆಚೆಗೂ ಕೇಳಿಸುತ್ತದೆ. ಗುಡ್ಡದ ಮೇಲಿನ ಕುರಿಗಳನ್ನು ಮನೆಯಂಗಳದಿಂದಲೇ ಕರೆದು ರೂಢಿಯಾದ ಗಂಟಲು ಅದು.

"ಸುಮ್ನಿರವ್ವಾ. ಗಾಡಿ ನೋಡಾಕ ಬಂದೇವಿ, ಗಾಡಿ ನೋಡು. ಒಂದೀಟ ನಗು."

"ಹ್ಯಾಂಗ ನಗಲಿ ಬೇ? ಇದು ನಾ ನೂತ ಉಣ್ಣಿ. ಇದು ನಮ್ಮ ದುಂಡ್ಯಾನ ಗಂಟ."

ದೀಪಾವಳಿ ಪಾಡ್ಯದ ಸಂಜೆ ಈ ಗಢಿಯ, ಅಂದರೆ ಕೋಟೆಯ, ಬಾವಿಯಲ್ಲಿ ರಾವಸಾಹೇಬ ದೇಸಾಯರ ಹೆಣ ತೇಲಿತ್ತು. ಅದೇ ಸಂಜೆಯಿಂದ ಅವರ ಡ್ರೈವರ್ ದುಂಡೇಶ ಕಾಣೆಯಾಗಿದ್ದ. ಧಣಿಯನ್ನು ನೂಕಿ ಓಡಿಹೋದ ಎಂದು ಊರೆಲ್ಲ ಹೇಳಿತು. ಹಾಗೆ ಹೇಳದವರು ಇಬ್ಬರೇ, ಅವನ ತಾಯಿ ಲಗಮವ್ವ ಮತ್ತು ಅಕ್ಕ ಸುಜಾತಾ.

ಸುಜಾತಾ ಅಥಣಿ ಕಡೆ ಪೊಲೀಸ್ ಕಾನ್‌ಸ್ಟೇಬಲ್. ತಮ್ಮನ ಕೇಸನ್ನು ಅವಳು ಮುಟ್ಟುವಂತಿರಲಿಲ್ಲ. ಹಾಗಾಗಿ ರಜೆ ಹಾಕಿ, ಖಾಕಿ ಕಳಚಿಟ್ಟು, ಸಾದಾ ಸೀರೆಯುಟ್ಟು ಹಳೇ ಕಾರುಗಳ ಮೇಳ ನೋಡುವ ಜನರ ಜೊತೆ ಒಳಗೆ ಬಂದಿದ್ದಳು.

ಅಕ್ಕೋಳದಾಚೆಯ ಆ ಗಢಿಯ ಮೈದಾನ ಅವತ್ತು ಮದುವೆ ಮನೆಯಾಗಿತ್ತು. ಕೊಲ್ಹಾಪುರ, ಮಿರಜ, ಬೆಳಗಾವಿಯಿಂದ ಬಂದ ಅಜ್ಜನ ಕಾಲದ ಗಾಡಿಗಳು ಕೋಟೆ ಗೋಡೆಯುದ್ದಕ್ಕೂ ನಿಂತಿದ್ದವು. ಫೇಟಾ ಸುತ್ತಿದ ಯಜಮಾನರು ಬಾನೆಟ್ಟಿನ ಮೇಲೆ ಕೂತ ನೊಣಕ್ಕೂ ಗದರುತ್ತಿದ್ದರು. ಮೈಕಿನವನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಒಂದೊಂದು ಗಾಡಿಯ ವಂಶಾವಳಿ ಹೇಳುತ್ತಿದ್ದ. ತಲೆಯ ಮೇಲೆ ಡ್ರೋನು ಗುಂಯ್ಗುಟ್ಟುತ್ತ ಸುತ್ತುತ್ತಿತ್ತು. ಅದರ ಸದ್ದು ಹತ್ತಿರ ಬಂದಾಗಲೆಲ್ಲ ಸುಜಾತಾ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳುತ್ತಿದ್ದಳು. ತಾವು ಇಲ್ಲಿ ನಿಂತಿದ್ದನ್ನು ಯಾರೋ ಮೇಲಿನಿಂದ ನೋಡುತ್ತಿದ್ದಾರೆ ಎಂಬ ಭಯ.

ಸಾಲಿನ ಮೊದಲಿಗೆ ನಿಂತಿದ್ದೇ ರಾವಸಾಹೇಬರ ಕಪ್ಪು ಕಾರು. ಅದಕ್ಕೆ ಕರೆವ್ವ ಎಂದು ಹೆಸರಿಟ್ಟವನು ದುಂಡೇಶ. ಎಮ್ಮೆಗೆ ಇಡುವ ಹೆಸರು ಕಾರಿಗೆ ಯಾಕೋ ಎಂದು ಧಣಿ ನಕ್ಕಿದ್ದರು, ಕೊನೆಗೆ ತಾವೂ ಹಾಗೇ ಕರೆಯತೊಡಗಿದ್ದರು.

ಸುಜಾತಾ ಸೆರಗು ಸರಿಪಡಿಸುವ ನೆವದಲ್ಲಿ ಬಗ್ಗಿ ಇನ್ನೊಮ್ಮೆ ನೋಡಿದಳು.

ಅಮಾವಾಸ್ಯೆಗೆ ಈ ಸೀಮೆಯಲ್ಲಿ ಲಾರಿ, ಟ್ರ್ಯಾಕ್ಟರು, ಸೈಕಲ್ ಮೋಟಾರು ಎಲ್ಲಕ್ಕೂ ಲಿಂಬೆಕಾಯಿ ಮೆಣಸಿನಕಾಯಿ ಕಟ್ಟುತ್ತಾರೆ. ಪೇಟೆಯಲ್ಲಿ ಸಿಗುವಂಥದ್ದನ್ನು ತಂತಿಯಲ್ಲೋ ನೂಲಿನಲ್ಲೋ ಪೋಣಿಸಿರುತ್ತಾರೆ. ಇದು ಕರಿ ಉಣ್ಣೆಯ ದಾರ. ಅವರಪ್ಪ ಸತ್ಯಪ್ಪ ಬದುಕಿದ್ದಾಗ ಮಂದೆಯ ಮುಂದಿನ ಕುರಿಯ ಕೊರಳಿಗೆ ಇಂಥದೇ ದಾರ ಕಟ್ಟುತ್ತಿದ್ದ. ಮುಳ್ಳುಕಂಟಿಗೆ ಸಿಕ್ಕು ಕೊರಳು ಬಿಗಿಯಬಾರದೆಂದು, ಒಂದು ಎಳೆ ಜಗ್ಗಿದರೆ ಪೂರಾ ಬಿಚ್ಚಿಕೊಳ್ಳುವ ಹಾಗೆ ಗಂಟು ಹಾಕುತ್ತಿದ್ದ. ಮಕ್ಕಳಿಬ್ಬರಿಗೂ ಅದನ್ನು ಕಲಿಸಿದ್ದ. ದುಂಡೇಶ ಎಡಚ. ಅವನ ಗಂಟಿನ ಕುಣಿಕೆ ಯಾವತ್ತೂ ಎಲ್ಲರದಕ್ಕಿಂತ ಉಲ್ಟಾ ಬೀಳುತ್ತಿತ್ತು. ಪ್ರತಿ ಅಮಾವಾಸ್ಯೆಗೂ ಕರೆವ್ವನಿಗೆ ಅವನೇ ಹೀಗೆ ಕಟ್ಟುತ್ತಿದ್ದ, ಗಢಿಯಲ್ಲಿ ಅದನ್ನು ನೋಡದವರಿಲ್ಲ.

ಇದೂ ಉಲ್ಟಾ ಬಿದ್ದಿತ್ತು. ಕಾಯಿ ಇನ್ನೂ ಹಳದಿ, ಮೆಣಸಿನಕಾಯಿ ಇನ್ನೂ ಹಸಿರು. ಮೊನ್ನೆಯ ಎಳ್ಳಮಾವಾಸ್ಯೆಗೆ ಕಟ್ಟಿದ್ದಿರಬೇಕು.

ತಮ್ಮ ಬದುಕಿದ್ದಾನೆ! ಎದೆ ಹಿಗ್ಗಬೇಕಿತ್ತು. ಆದರೆ ಸುಜಾತಾಳ ತಲೆಯಲ್ಲಿ ಎದ್ದದ್ದು ಪ್ರಶ್ನೆ. ಬದುಕಿದ್ದವನು ಎರಡು ತಿಂಗಳಿಂದ ಅವ್ವನಿಗೆ ಒಂದು ಮಾತು ಯಾಕೆ ಮುಟ್ಟಿಸಿಲ್ಲ? ಮುಟ್ಟಿಸಲಾಗದ ಜಾಗದಲ್ಲಿ ಇದ್ದಾನೆ. ಯಾರೋ ಹಿಡಿದಿಟ್ಟಿದ್ದಾರೆ. ಅದೂ ಇಲ್ಲೇ, ಈ ಗೋಡೆಗಳ ಒಳಗೇ.

"ಯವ್ವಾ ಲಗಮವ್ವಾ, ನೀ ಬಂದೀದಿ?"

ಇಬ್ಬರೂ ಬೆಚ್ಚಿದರು. ಬಂದವಳು ವಾಡೆಯ, ಅಂದರೆ ಗಢಿಯೊಳಗಿನ ದೇಸಾಯರ ಮನೆಯ, ಅಡುಗೆಯ ಕೆಂಚವ್ವ, ಕೈಯಲ್ಲಿ ಗಿರಮಿಟ್ಟಿನ ತಾಟುಗಳು. ಲಗಮವ್ವ ಕಣ್ಣೊರೆಸಿಕೊಂಡು ಕಂಕುಳಲ್ಲಿದ್ದ ಡಬ್ಬಿ ಮುಂದೆ ಮಾಡಿದಳು.

"ಬಾಯಿಸಾಹೇಬ್ರಿಗಿ ಹುಗ್ಗಿ ತಂದೀನಿ. ಹಲ್ಲಿಲ್ಲದ ಬಾಯಿ, ಮೆತ್ತಗ ಮಾಡೀನಿ. ಹ್ಯಾಂಗ ಅದಾರು?"

ಬಾಯಿಸಾಹೇಬರೆಂದರೆ ರಾವಸಾಹೇಬರ ಹೆಂಡತಿ ಅಕ್ಕವ್ವ. ಗಂಡ ಸತ್ತವಳು ವರ್ಷ ತುಂಬುವ ತನಕ ಒಳಕೋಣೆ ಬಿಡಬಾರದು, ಗಂಡಸರು ಆ ಹೊಸ್ತಿಲು ತುಳಿಯಬಾರದು. ದೇಸಾಯರ ಮನೆತನದ ರೀತಿ ಅದು.

"ಕ್ವಾಣ್ಯಾಗ ಅದಾರ. ನನಗ ಸುದ್ಧಾ ಒಳಗ ಬಿಡೂದಿಲ್ಲ. ತಾಟ ಹೊಸ್ತಿಲದಾಗ ಇಟ್ಟ ಬರ್ತೀನಿ," ಎಂದಳು ಕೆಂಚವ್ವ. ಆಮೇಲೆ ದನಿ ತಗ್ಗಿಸಿ, ಹೊಗಳಿಕೆ ಬೇಡುವ ಮುಖ ಮಾಡಿದಳು. "ಆದ್ರ ಊಟ ಛಲೋ ಆಗೇತಿ ನೋಡು. ಧಣೇರ ಇದ್ದಾಗ ಹಾಲನ್ನಾ ಎರಡ ತುತ್ತ ತಿಂದು ಕೈ ತೊಳೀತಿದ್ರು. ಈಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಕೇಳ್ತಾರು. ತಾಟ ಖಾಲಿ ಹೊರಗ ಬರ್ತೈತಿ. ನನ್ನ ಕೈರುಚಿ ಅವರಿಗೆ ಈಗ ತಿಳದೈತಿ."

ಸುಜಾತಾಳ ಕಿವಿಗೆ ಈ ಮಾತು ಬಿತ್ತು, ತಲೆಗೆ ಹೋಗಲಿಲ್ಲ. ಅವಳ ಕಣ್ಣು ಮೈದಾನದ ಆಚೆಗಿತ್ತು. ಅಲ್ಲಿಂದ ಸಂಜಯ ಬರುತ್ತಿದ್ದ.

ಸಂಜಯ ರಾವಸಾಹೇಬರ ತಮ್ಮನ ಮಗ. ಗಢಿಯನ್ನು ದೊಡ್ಡ ಹೋಟೆಲು ಮಾಡಬೇಕೆಂದು ದೊಡ್ಡಪ್ಪನ ಬೆನ್ನು ಬಿದ್ದಿದ್ದ, ಬೈಸಿಕೊಂಡಿದ್ದ. ಈಗ ಅಗಸಿಯ ಕೀಲಿ ಅವನ ಕಿಸೆಯಲ್ಲಿ. ಈ ಮೇಳವೂ ಅವನದೇ, ದೊಡ್ಡಪ್ಪನ ನೆನಪಿಗಂತೆ. ಸತ್ತವರ ಹೆಸರಿನಲ್ಲಿ ಸಂಭ್ರಮ ಮಾಡುವವರಿಗೆ ಸತ್ತವರು ತಿರುಗಿ ಕೇಳುವುದಿಲ್ಲ ಎಂಬ ಧೈರ್ಯ ಇರುತ್ತದೆ.

"ಕೆಂಚವ್ವಾ, ತಾಟ ತಣ್ಣಗಾಗ್ತಾವ, ನಡಿ," ಎಂದು ಅವಳನ್ನು ಅಟ್ಟಿ, ಕಪ್ಪು ಕನ್ನಡಕ ತೆಗೆಯದೇ ನಕ್ಕ. "ನಮಸ್ಕಾರ ಸುಜಾತಾಬಾಯಿ. ಗಾಡಿ ಪಸಂದ ಬಂತೇನ್ರಿ?"

"ಅವ್ವಗ ಒಮ್ಮೆ ನೋಡೂ ಆಸೆ ಆಗಿತ್ರಿ. ದುಂಡೇಶ ಕೈಯಾರೆ ತೊಳೆದ ಗಾಡಿ ಅಲ್ರಿ?"

"ನೋಡ್ರಿ, ನೋಡ್ರಿ. ಉಂಡ ಮನಿಗೆ ಎರಡ ಬಗದಾಂವ. ಆದ್ರ ಗಾಡಿ ತೊಳ್ಯಾಕ ಮಾತ್ರ ಶಾಣ್ಯಾ ಇದ್ದ."

ಸುಜಾತಾಳ ಸಿಟ್ಟು ನೆತ್ತಿಗೇರಿತು. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟರೆ ಏನಾಗುತ್ತದೆಂದು ಪೊಲೀಸ್ ತರಬೇತಿಯಲ್ಲಿ ಅವಳಿಗೆ ನೂರು ಸಲ ಹೇಳಿದ್ದರು. ಆದರೂ ಅವಳಿಗೆ ಅನ್ನಿಸಿದ್ದು ಒಂದೇ. ತಮ್ಮನನ್ನು ಬಚ್ಚಿಟ್ಟವನು ಇವನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೋ ಇಲ್ಲವೋ, ಇಲ್ಲೇ, ಹಾಡಹಗಲೇ, ಇಷ್ಟು ಜನರೆದುರೇ ನೋಡಿಬಿಡಬೇಕು.

ಅವಳು ಮಾಲೆಯನ್ನು ಪಕ್ಕಕ್ಕೆ ಸರಿಸಿದಳು.

"ಸಂಜಯರಾವ್, ಇದನ್ನ ಕಟ್ಟಿದವರ ಯಾರ್ರಿ?"

ಸಂಜಯ ಬಗ್ಗಿದ. ಕನ್ನಡಕ ತೆಗೆದ.

ಸುಜಾತಾ ಅವನ ಮುಖವನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದ ಕಳ್ಳರ ಮುಖ ಅವಳಿಗೆ ಹೊಸದಲ್ಲ. ಮೊದಲು ಕಣ್ಣು ಆಚೀಚೆ ಓಡುತ್ತದೆ, ಆಮೇಲೆ ನಾಲಿಗೆ ಓಡುತ್ತದೆ. ಇವನ ಕಣ್ಣು ಓಡಲಿಲ್ಲ, ದಾರದ ಮೇಲೆಯೇ ನಟ್ಟು ನಿಂತಿತು. ತುಟಿಯ ಬಣ್ಣ ಇಳಿಯಿತು. ಕೈಯಲ್ಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಎರಡು ಹೆಜ್ಜೆ ಹಿಂದೆ ಸರಿದವನು ಹಿಂದಿನ ಗಾಡಿಗೆ ಬೆನ್ನು ತಾಗಿ ನಿಂತ.

"ಸತ್ತಾಂವ... ಸತ್ತಾಂವ ಹ್ಯಾಂಗ ಕಟ್ಟತಾನು?"

ಪಿಸುಮಾತು ಅದು. ಅವನು ತನಗೆ ತಾನೇ ಕೇಳಿಕೊಂಡಿದ್ದ. ಆದರೆ ಮಗನ ವಿಷಯ ಬಂದರೆ ಲಗಮವ್ವನಿಗೆ ಪಿಸುಮಾತೂ ಡಂಗುರವೇ.

"ನನ್ನ ಮಗ ಓಡಿಹೋಗ್ಯಾನಂತ ಊರೆಲ್ಲ ಅಂತೈತಿ. ಸತ್ತಾನಂತ ನಿನಗ ಯಾರ ಹೇಳಿದ್ರೋ ಸಂಜ್ಯಾ?"

ಸುಜಾತಾ ಈ ಸಲ ಅವ್ವನನ್ನು ಚಿವುಟಲಿಲ್ಲ. ಇವನು ಹೆದರಿದ್ದಾನೆ. ಸಿಕ್ಕಿಬಿದ್ದೆನೆಂದಲ್ಲ, ದೆವ್ವ ಕಂಡೆನೆಂದು ಹೆದರಿದ್ದಾನೆ. ದುಂಡೇಶನನ್ನು ಬಚ್ಚಿಟ್ಟವನು ಇವನಲ್ಲ. ಇವನು ದುಂಡೇಶನನ್ನು ಕೊಲ್ಲಲು ನೋಡಿದ್ದಾನೆ! ಕೊಂದೇಬಿಟ್ಟೆನೆಂದು ಇವತ್ತಿನ ತನಕ ನೆಮ್ಮದಿಯಿಂದ ಇದ್ದ.

ತಾನು ಏನು ಮಾಡಿದೆ ಎಂಬುದು ಅವಳಿಗೆ ಆಗ ಹೊಳೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾಲೆಯನ್ನು ಮತ್ತೆ ಎಳೆದು ಮುಚ್ಚಿದಳು. ಎಷ್ಟು ಮುಚ್ಚಿದರೇನು?

ಸಂಜಯ ನಿಧಾನಕ್ಕೆ ಸುಧಾರಿಸಿಕೊಂಡ. ಕನ್ನಡಕ ಎತ್ತಿ, ಧೂಳು ಒರೆಸಿ, ಕಿಸೆಗಿಟ್ಟ. ಅವಳ ಕೈಯನ್ನು ಬಹಳ ಮೆತ್ತಗೆ ಪಕ್ಕಕ್ಕೆ ತಳ್ಳಿ, ಮಾಲೆಯ ಕೆಳಗಿನ ದಾರದ ಒಂದು ಎಳೆ ಜಗ್ಗಿದ. ಗಂಟು ಪೂರಾ ಬಿಚ್ಚಿಕೊಂಡು ಅವನ ಅಂಗೈಗೆ ಬಂತು. ಲಿಂಬೆಕಾಯಿಯನ್ನು ಮೂಗಿಗೆ ಹಿಡಿದ.

"ತಾಜಾ ಐತಿ," ಎಂದ.

"ಯಾರರೆ ಪ್ಯಾಟ್ಯಾಗಿಂದ ತಂದ ಕಟ್ಟಿರ್ಬೇಕ್ರಿ," ಎಂದಳು ಸುಜಾತಾ. ತನ್ನ ದನಿ ತನಗೇ ಸುಳ್ಳೆನಿಸಿತು.

"ಹೌದ ಬಿಡ್ರಿ, ಕಟ್ಟಿರ್ಬೇಕು." ಸಂಜಯ ಮೈದಾನದಾಚೆಯ ವಾಡೆಯನ್ನು ನೋಡುತ್ತಿದ್ದ. ಕೆಳಗಿನ ಕಿಟಕಿಯಿಂದ ಮಾಳಿಗೆಯ ತನಕ, ಒಂದೊಂದೇ. "ನಿನ್ನೆ ಸಂಜಿಕ ಮಾಲಿ ಹಾಕಿದಾಂವ ನಾನ. ಆಗ ಇದು ಇರಲಿಲ್ಲ. ಅಗಸಿ ಹಾಕಿಸಿದಾಂವ ನಾನ, ಮುಂಜಾನೆ ತಗಿಸಿದಾಂವನೂ ನಾನ. ಹೊರಗಿನ ಮಂದಿ ಬರೂಕಿಂತ ಮೊದಲ ಇದನ್ನ ಕಟ್ಯಾರ."

ಲಿಂಬೆಕಾಯಿಯನ್ನು ಕೋಟಿನ ಕಿಸೆಗೆ ಹಾಕಿಕೊಂಡ. ಈಗ ಅವನ ಮುಖದ ಹೆದರಿಕೆ ಎಲ್ಲೋ ಹೋಗಿತ್ತು. ಹೋದದ್ದು ಎಲ್ಲಿಗೆಂದು ಸುಜಾತಾಳಿಗೆ ಗೊತ್ತಿತ್ತು. ಅದು ಅವಳೊಳಕ್ಕೇ ಬಂದಿತ್ತು.

"ಭಾಳ ಉಪಕಾರ ಆತ ಸುಜಾತಾಬಾಯಿ. ನನಗ ಗೊತ್ತ ಇರಲಿಲ್ಲ ನೋಡ್ರಿ."

ಅವನು ನೇರವಾಗಿ ವೇದಿಕೆಗೆ ಹೋದ. ಮೈಕಿನವನ ಕಿವಿಯಲ್ಲಿ ಏನೋ ಹೇಳಿದ. "ಮಂಡಳಿ, ಚಲಾ! ಗಾಡಿಗೋಳು ನಿಪ್ಪಾಣಿ ತನಕಾ ಹೋಗಿ ಬರ್ತಾವ, ಎಲ್ಲಾರೂ ಅಗಸಿ ಹೊರಗ ನಿಂತ ಚಪ್ಪಾಳಿ ಹೊಡೀರಿ," ಎಂದು ಮೈಕು ಕೂಗಿತು. ಹಲಗೆಗಳು ಮೊಳಗಿದವು. ಹಳೇ ಇಂಜಿನ್ನುಗಳು ಕೆಮ್ಮಿ, ಸೀನಿ, ಒಂದೊಂದಾಗಿ ಹೊರಟವು. ಜನ ನಗುತ್ತ, ಫೋನು ಮೇಲೆ ಹಿಡಿದು, ಅವುಗಳ ಹಿಂದೆಯೇ ಹರಿದು ಹೋದರು.

ಕರೆವ್ವ ಮಾತ್ರ ನಿಂತಲ್ಲೇ ನಿಂತಿತ್ತು.

ಸುಜಾತಾ ಅವ್ವನ ಕೈ ಹಿಡಿದು, ಗಾಡಿಯ ಮರೆಯಲ್ಲಿ ಕುಳಿತು, ಠಾಣೆಗೆ ಫೋನು ಹಚ್ಚಿದಳು. ಬರುತ್ತೇವೆ ಎಂದರು. ಆದರೆ ರಸ್ತೆಯ ತುಂಬ ಕಬ್ಬಿನ ಟ್ರ್ಯಾಲಿಗಳು, ಈಗ ಅವುಗಳ ನಡುವೆ ಈ ಮೆರವಣಿಗೆ ಬೇರೆ. ಇನ್ನೆಷ್ಟು ಹೊತ್ತಾಗುತ್ತದೋ ದೇವರೇ ಬಲ್ಲ.

"ಯವ್ವಾ, ನೀ ಮಂದಿ ಕೂಡ ಹೊರಗ ಹೋಗು."

"ನನ್ನ ಮಗ ಒಳಗ ಅದಾನ. ನಾ ಎಲ್ಲಿಗಿ ಹೋಗ್ಲಿ?"

ಅಷ್ಟರಲ್ಲಿ ಕೊನೆಯ ಗಾಡಿ ಅಗಸಿ ದಾಟಿತು. ಸಂಜಯನ ಆಳುಗಳಿಬ್ಬರು ಬಾಗಿಲಿಗೆ ಹೆಗಲು ಕೊಟ್ಟರು. ಕಬ್ಬಿಣದ ಮೊಳೆ ಬಡಿದ ಆ ದೊಡ್ಡ ಕದಗಳು ಕಿರುಗುಟ್ಟುತ್ತ ಕೂಡಿಕೊಂಡವು. ಅಗುಳಿ ಬಿದ್ದ ಸದ್ದಿಗೆ ಪಾರಿವಾಳಗಳು ಬುರುಜಿನಿಂದ ಒಮ್ಮೆಲೇ ಎದ್ದವು. ಹಲಗೆಯ ಸದ್ದು ಗೋಡೆಯಾಚೆ ಸಣ್ಣಗಾಯಿತು. ಮಟಮಟ ಮಧ್ಯಾಹ್ನ, ಆದರೆ ಅಷ್ಟು ದೊಡ್ಡ ಮೈದಾನದಲ್ಲಿ ಒಂದು ನರಪಿಳ್ಳೆ ಇಲ್ಲ.

ಎಲ್ಲಿ ಹುಡುಕಲಿ? ಬುರುಜೋ, ದನದ ಕೊಟ್ಟಿಗೆಯೋ, ಮಾಳಿಗೆಯೋ? ಸಂಜಯನಿಗಿಂತ ಮೊದಲು ಮುಟ್ಟಬೇಕು. ಎರಡು ತಿಂಗಳು ಒಬ್ಬ ಮನುಷ್ಯನನ್ನು ಬಚ್ಚಿಟ್ಟವರು ಅವನಿಗೆ ಅನ್ನ ಹಾಕಿರಲೇಬೇಕು. ಅನ್ನ ಎಂದಾಕ್ಷಣ ಲಗಮವ್ವನ ಕಂಕುಳಲ್ಲಿ ಇನ್ನೂ ಇದ್ದ ಹುಗ್ಗಿಯ ಡಬ್ಬಿ ಅವಳ ಕಣ್ಣಿಗೆ ಬಿತ್ತು.

ಹಲ್ಲಿಲ್ಲದ ಬಾಯಿ. ಖಡಕ್ ರೊಟ್ಟಿ.

"ಬಾ," ಎಂದವಳೇ ವಾಡೆಯ ಹಿತ್ತಲ ಬಾಗಿಲ ಕಡೆಗೆ ಓಡಿದಳು. ಲಗಮವ್ವ ಏದುಸಿರು ಬಿಡುತ್ತ ಹಿಂದೆ ಬಂದಳು.

ಬಾಗಿಲು ಬಡಿಯಬೇಕಾಗಲಿಲ್ಲ. ಹೊಸ್ತಿಲ ಹೊರಗೇ ಅಕ್ಕವ್ವ ನಿಂತಿದ್ದಳು. ಗಂಡನ ಹೆಣ ಹೋದ ದಿನದಿಂದ ಬೆಳಕು ಕಾಣದ ಮುಖ. ಬರಿಗಾಲು, ತಲೆಯ ಮೇಲೆ ಬಿಳಿ ಸೆರಗು.

"ಕಿಟಕ್ಯಾಗಿಂದ ಎಲ್ಲಾ ನೋಡಿದ್ನಿ," ಎಂದಳು. "ಯಾಕ ತೋರಿಸಿದ್ಯವ್ವಾ ಅವಗ? ಸತ್ತಾನಂತ ಅಂವ ತಿಳಕೊಂಡಿದ್ದಕ್ಕ ನಿನ್ನ ತಮ್ಮ ಬದಕಿದ್ದ."

ಲಗಮವ್ವ ಮುದುಕಿಯ ಕಾಲಿಗೇ ಬಿದ್ದಳು.

"ಎಲ್ಲಿ ಅದಾನ್ರಿ ಬಾಯಿಸಾಹೇಬ? ನನ್ನ ಕೂಸ ಎಲ್ಲಿ ಅದಾನು?"

"ನನ್ನ ಕ್ವಾಣ್ಯಾಗ, ಹಗೇವಿನಾಗ." ಜೋಳ ತುಂಬಿಡುವ ನೆಲಮಾಳಿಗೆಯಂಥ ಕುಣಿ ಅದು. "ಸಂಜ್ಯಾ ಅವನ ತೆಲಿ ಒಡದು ಹೊಳ್ಯಾಗ ಒಗದಿದ್ದ. ಧಣೇರನ್ನ ನೂಕಿದ್ದು ಇವನ ಕಣ್ಣಿಗಿ ಬಿದ್ದಿತ್ತವ್ವಾ. ಹೊಳಿಂದ ತೆವಳಕೊಂಡ ಬಂದು ನನ್ನ ಬಾಗಲ ಬಡದಾ. ಕಾಲ ಮುರದೈತಿ, ಇನ್ನೂ ಊರಾಕ ಬರೂದಿಲ್ಲ. ಇಲ್ಲಿ ಆಳಗೋಳೆಲ್ಲಾ ಸಂಜ್ಯಾನ ಮಂದಿ. ನಾ ಯಾರಿಗಿ ಹೇಳಲಿ?"

"ಮತ್ತ ಈ ಲಿಂಬಿಕಾಯಿ ಯಾಕ ಕಟ್ಟಿದ್ರಿ?" ಸುಜಾತಾಳಿಗೆ ಅಳು ಬಂದಿತ್ತು. "ಇಷ್ಟ ದಿನಾ ಕಾಪಾಡಿ, ಇದೊಂದ ಯಾಕ್ರಿ?"

ಅಕ್ಕವ್ವ ತಲೆ ತಗ್ಗಿಸಿದಳು. "ಅಮಾಸಿ ಲಿಂಬಿಕಾಯಿ ಇಲ್ಲದ ಧಣೇರ ಎಂದೂ ಆ ಗಾಡಿ ಅಗಸಿ ದಾಟಿಸಿಲ್ಲವ್ವಾ. ಇವತ್ತ ಅವರ ಹೆಸರಿಲೇ ಹೊರಗ ಹೊಂಟೈತಿ. ಬರೇ ಕೊರಳಿಲೇ ಹ್ಯಾಂಗ ಕಳಸಲಿ? ದುಂಡ್ಯಾ ಕುಂತಲ್ಲೇ ಪೋಣಿಸಿ, ಗಂಟ ಹಾಕಿ ಕೊಟ್ಟ. ನಸಿಕನ್ಯಾಗ ನಾನ ಹೋಗಿ ಮಾಲಿ ಹಿಂದ ಸಿಗಿಸಿ ಬಂದ್ನಿ. ಯಾರಿಗೂ ಕಾಣೂದಿಲ್ಲಂತ ತಿಳದಿದ್ನಿ."

ಸುಜಾತಾ ಏನೋ ಹೇಳಹೋದವಳು ಥಟ್ಟನೆ ನಿಂತಳು. ಪಕ್ಕದ ಅಡುಗೆಮನೆಯ ಕಿಟಕಿಯಿಂದ ಸಂಜಯನ ಮಾತು ಕೇಳುತ್ತಿತ್ತು. ಎಷ್ಟು ಪ್ರೀತಿಯ ದನಿ!

"ಕೆಂಚವ್ವಾ, ದೊಡ್ಡವ್ವ ಇತ್ತಿತ್ಲಾಗ ಊಟಾ ಸರಿ ಮಾಡ್ತಾರಿಲ್ಲೋ? ಏನ ಕೊಡ್ತಿ?"

ಹಾಲನ್ನ ಅನ್ನು ಕೆಂಚವ್ವಾ. ಒಂದೇ ಒಂದು ಸಲ ಸುಳ್ಳು ಹೇಳು. ಸುಜಾತಾ ಅಲ್ಲೇ ನಿಂತು ಎಲ್ಲ ದೇವರನ್ನೂ ನೆನೆದಳು. ಬೀರಪ್ಪ, ಮಾಳಿಂಗರಾಯ, ಯಾರೂ ಉಳಿಯಲಿಲ್ಲ.

"ಅಯ್ಯ, ಬಾಯಿಸಾಹೇಬ್ರು ಖಡಕ್ ರೊಟ್ಟಿ ತಿಂತಾರ್ರಿ!" ಕೆಂಚವ್ವನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ಒಂದ ಚೂರ ಉಳಸೂದಿಲ್ಲ ನೋಡ್ರಿ."

ಬೂಟಿನ ಸಪ್ಪಳ ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂತು, ಪಡಸಾಲೆಯಿಂದ ಒಳಕೋಣೆಯ ಕಡೆಗೆ ತಿರುಗಿತು.

ಅಕ್ಕವ್ವ ಸುಜಾತಾಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಯವ್ವಾ, ನಾ ಅವಸರದಾಗ ಹಗೇವಿನ ಬಾಯಿ ಮುಚ್ಚದ ಬಂದೀನಿ."